ಇದು ಕೂಸಿಂದು

“ಕೂಸು ಹುಟ್ಟೋಕಿಂತ ಮೊದಲೇ ಕುಲಾಯಿ ಹೊಲಿಸಿದರಂತೆ” ಎಂಬ ಗಾದೆಯನ್ನು ಆ ವರ್ಷ ನನ್ನಷ್ಟು ಸವೆಸಿದವರು ಬಸವಕಲ್ಯಾಣದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಗಂಡ ತೊಟ್ಟಿಲು ನೋಡಿಬರೋಣವೆಂದರೆ ಅದೇ ಗಾದೆ. ಪಕ್ಕದ ಮನೆಯವರು ಹೆಸರೇನಿಡುತ್ತೀ ಎಂದರೂ ಅದೇ ಗಾದೆ. ಎಲ್ಲರೂ ನನ್ನನ್ನು ಜಿಪುಣಿ ಎಂದುಕೊಂಡರು. ಅನ್ನಲಿ ಬಿಡಿ. ನನಗಿದ್ದದ್ದು ಹೆದರಿಕೆ. ಹಿಂದಿನ ಸಲ ಗರ್ಭ ನಿಂತು, ನಿಂತಷ್ಟೇ ಬೇಗ ಹೋಗಿತ್ತು. ಈ ಕೂಸು ಉಳಿದು ಕೈಗೆ ಬರುವ ತನಕ ಅದರದೆಂಬ ಒಂದು ಚಿಂದಿ ಬಟ್ಟೆಯೂ ಮನೆಯಲ್ಲಿರಕೂಡದೆಂದು ಹಟ ಹಿಡಿದಿದ್ದೆ.

ಎಂಟನೆಯ ತಿಂಗಳಲ್ಲಿ ಅತ್ತೆ ಆ ಹಟ ಮುರಿದರು. ಮಠದ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿದರು. ಅಯ್ಯನವರು ಬಿಳಿ ವಸ್ತ್ರದಲ್ಲಿ ಸುತ್ತಿದ ಇಷ್ಟಲಿಂಗವೊಂದನ್ನು ನನ್ನ ಮುಂದೆ ಹಿಡಿದರು.

“ನನ್ನ ಕೊಳ್ಳಾಗ ಒಂದು ಅದಲ್ರಿ,” ಎಂದೆ.

“ಅದು ನಿಂದು,” ಎಂದರು ಅತ್ತೆ. “ಇದು ಕೂಸಿಂದು.”

ನನ್ನ ಬಾಯಿ ಸುಮ್ಮನಿರುತ್ತದೆಯೇ? “ದವಾಖಾನಿಯೊಳಗ ಬೋರ್ಡ್ ಹಾಕ್ಯಾರ್ರಿ, ಕೂಸಿನ ಲಿಂಗ ಕೇಳೋದೇ ಗುನ್ಹೆ ಅಂತ. ನೀವು ತಂದು ಕೊಳ್ಳಿಗೇ ಕಟ್ಟಾಕತ್ತೀರಿ!” ಅಯ್ಯನವರು ನಕ್ಕರು. ಅತ್ತೆ ನಗಲಿಲ್ಲ.

“ಹುಟ್ಟಿದ ಮ್ಯಾಲ ಅದರ ಕೊಳ್ಳಿಗೆ. ಅಲ್ಲೀತನಕ ನೀನೇ ಹೊರಬೇಕು. ಅದರ ಕೈ ಇನ್ನಾ ಹೊರಗ ಬಂದಿಲ್ಲ, ನಿನ್ನ ಕೈಲೇ ಪೂಜಿ ಮಾಡ್ತದ,” ಎಂದರು ಅತ್ತೆ.

ಅಂದಿನಿಂದ ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಎರಡು ಪೂಜೆ. ಮೊದಲು ನನ್ನದು, ಆಮೇಲೆ ಅದರದು. ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿ ಒಂದು ಪತ್ರಿ ಏರಿಸುವುದು. ಮೊದಲ ದಿನ ಶಾಸ್ತ್ರಕ್ಕೆಂದು ಮಾಡಿ ಮುಗಿಸಿದೆ. ಮರುದಿನ ಅತ್ತೆಯ ಮಾತು ನೆನಪಾಗಿ ನನ್ನ ಕೈಯನ್ನೇ ನೋಡುತ್ತ ಕೂತೆ. ಅದು ನನ್ನ ಕೈಯಲ್ಲ, ಇನ್ನೊಬ್ಬರು ಕಡ ತೆಗೆದುಕೊಂಡದ್ದು. ಅಬ್ಬಾ! ನಾನಿನ್ನೂ ಮುಖವನ್ನೇ ನೋಡದ ಒಂದು ಜೀವ ತನ್ನ ದೇವರನ್ನು ನನ್ನ ಕೈಯಿಂದ ಮುಟ್ಟುತ್ತಿತ್ತು. ದಿನಾ ಪೂಜೆಯ ಹೊತ್ತಿಗೆ ಸರಿಯಾಗಿ ಒದೆಯುವುದನ್ನೂ ಕೂಸು ಕಲಿಯಿತು. ಬೆಳಗಿನ ಚಹಾದ ಸಕ್ಕರೆಗೆ ಒದೆಯುತ್ತದೆಂದು ಗಂಡ ಹೇಳಿದ; ಅವನೊಂದಿಗೆ ಅರ್ಧ ದಿನ ಮಾತು ಬಿಟ್ಟೆ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ದಿನ ತುಂಬುತ್ತ ಬಂದಾಗ ಹುಮನಾಬಾದಿಗೆ ಹೊರಟೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಕಾರು ತೆವಳಿತು. ನಾನು ಸೆರಗಿನ ಮೇಲಿನಿಂದಲೇ ಎರಡೂ ಲಿಂಗಗಳನ್ನು ಹಿಡಿದುಕೊಂಡಿದ್ದೆ.

ತವರಿನಲ್ಲಿ ಒಂದು ಬೆಳಿಗ್ಗೆ ಎರಡೂ ಲಿಂಗಗಳನ್ನು ಕೊರಳಿನಿಂದ ತೆಗೆದಿಟ್ಟು ತಲೆಗೆ ಎರೆದುಕೊಂಡು ಬಂದು ನೋಡುತ್ತೇನೆ, ಬೆವರಿಗೆ ಹೊಲಸಾಗಿದ್ದ ವಸ್ತ್ರ ಬದಲಿಸಲೆಂದು ಅವ್ವ ಎರಡನ್ನೂ ಬಿಚ್ಚಿ ಒಂದೇ ತಾಟಿನಲ್ಲಿಟ್ಟಿದ್ದಾಳೆ. ಎಂಟನೆಯ ತಿಂಗಳಲ್ಲೇ ನನ್ನದಕ್ಕೂ ಹೊಸದಾಗಿ ಕಂತಿಯ ಕಪ್ಪು ಲೇಪ ಹಚ್ಚಿಸಿದ್ದರು. ಒಂದೇ ಗಾತ್ರ, ಒಂದೇ ಹೊಳಪು.

“ಕೂಸಿಂದು ಯಾವುದಬೇ?” ಎಂದೆ.

“ನೀನೇ ಹೇಳು. ದಿನಾ ಹಿಡಿಯಾಕಿ ನೀನಲ್ಲೇನು?”

ನನಗೆ ತಿಳಿಯಲಿಲ್ಲ. ಅವ್ವನ ಮೇಲೆ ಬಾಯಿಗೆ ಬಂದಂತೆ ಹರಿಹಾಯ್ದೆ. ಆಮೇಲೆ ಒಂದನ್ನು ನನ್ನದೆಂದುಕೊಂಡು, ಇನ್ನೊಂದನ್ನು ಅದರದೆಂದುಕೊಂಡು ಪೂಜೆಗೆ ಕೂತೆ. ಕೂಸು ಒದೆಯಲಿಲ್ಲ. ಚಹಾ ಕುಡಿದೆ, ಬೆಲ್ಲ ತಿಂದೆ, ಎಡಮಗ್ಗುಲಾಗಿ ಮಲಗಿದೆ. ಮಧ್ಯಾಹ್ನವಾದರೂ ಮಿಸುಕಾಡಲಿಲ್ಲ. “ಏನೂ ಆಗಂಗಿಲ್ಲ, ಫಿಕರ್ ಮಾಡಬ್ಯಾಡ,” ಎನ್ನುತ್ತಿದ್ದ ಅವ್ವನೇ ಚಪ್ಪಲಿ ಮರೆತು ಆಟೋ ಹತ್ತಿದಳು. ಬಿ.ಎಸ್ಸಿ. ಓದಿದವಳು ನಾನು. ಆದರೂ ಆಟೋದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅದರದನ್ನು ನಾನು ಕಳೆದೆ, ಅದಕ್ಕೇ ಅದು ಹೊರಟುಹೋಯಿತು.

ಡಾಕ್ಟರಮ್ಮ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಸಣ್ಣದೊಂದು ಮಷಿನು ಒತ್ತಿದರು. ಧಬ್… ಧಬ್… ಎಂದು ನಿಧಾನದ ಸದ್ದು ಕೇಳಿತು. ನಾನು ಉಸಿರು ಬಿಟ್ಟೆ.

“ಇದು ನಿಂದವ್ವ,” ಎಂದರು ಅವರು.

ಮಷಿನನ್ನು ಕೆಳಗೆ ಸರಿಸಿದರು, ಪಕ್ಕಕ್ಕೆ ಸರಿಸಿದರು. ಏನೂ ಇಲ್ಲ. ಅವ್ವ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಆಮೇಲೆ ಒಮ್ಮೆಗೇ ಕೋಣೆ ತುಂಬ ಹೊಲಿಗೆ ಮಷಿನು ಓಡಿಸಿದಂತೆ ಸದ್ದು. ಏನು ಅವಸರ ಅದಕ್ಕೆ!

“ಇದು ಕೂಸಿಂದು. ಮಲ್ಕೊಂಡಿತ್ತು, ಅಷ್ಟೇ.”

ಅವ್ವ ಆ ಮಷಿನಿಗೆ ಕೈಮುಗಿದು ನಿಂತುಬಿಟ್ಟಳು. “ನಾಲ್ಕು ಮಕ್ಕಳನ್ನ ಹಡದೀನ್ರಿ. ಒಬ್ಬರದೂ ಹಿಂಗ ಕೇಳಿದ್ದಿಲ್ಲ,” ಎಂದಳು. ನಾನು ಸಣ್ಣ ಹುಡುಗಿಯಂತೆ ಅತ್ತುಬಿಟ್ಟೆ. ನನ್ನದು ಬೇರೆ, ಅದರದು ಬೇರೆ; ಎರಡೂ ನನ್ನ ಮೈಯೊಳಗೇ ಬಡಿಯುತ್ತಿದ್ದವು.

ಮನೆಗೆ ಮರಳುವಾಗ ಬಜಾರಿನಲ್ಲಿ ಆಟೋ ನಿಲ್ಲಿಸಿ ಒಂದು ಕೆಂಪು ಕುಲಾಯಿ ಕೊಂಡೆ. “ನಿನ್ನ ಗಾದಿ ಎಲ್ಲಿ ಹೋತು?” ಎಂದು ಅವ್ವ ಕೆಣಕಿದಳು.

“ತಲಿ ಅದ, ಕುಲಾಯಿ ಬ್ಯಾಡೇನು?” ಎಂದೆ.

ಮಗಳು ಹುಟ್ಟಿದಳು. ಬಾಯಿ ಮಾತ್ರ ನನ್ನದೇ. ಅಯ್ಯನವರು ಬಂದು, “ಕೂಸಿಂದು ಕೊಡವ್ವ,” ಎಂದು ಕೈ ಚಾಚಿದಾಗ ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಎರಡೂ ಕಲೆತುಹೋದದ್ದು ಅತ್ತೆಗೆ ಇನ್ನೂ ಗೊತ್ತಿರಲಿಲ್ಲ. ಕೈಗೆ ಸಿಕ್ಕ ಒಂದನ್ನು ಬಿಚ್ಚಿ ಕೊಟ್ಟೆ. ಈಗಲೂ ಬೆಳಿಗ್ಗೆ ನನ್ನ ಅಂಗೈಯಲ್ಲಿರುವುದು ನನ್ನದೋ ಅವಳದೋ ನನಗೆ ತಿಳಿಯದು. ಅದಕ್ಕೇ ದಿನಾ ಎರಡು ಸಲ ಪೂಜೆ ಮಾಡುತ್ತೇನೆ.