ಕಾರಿಡಾರಿನಲ್ಲೇ ಉಳಿದ ಸಾಕ್ಷಿ

ಸೂಪರ್‌ವೈಸರನ್ನು ತಳ್ಳಿ ಕೈ ಮುರಿದೆ ಎಂದು ತುಮಕೂರಿನ ಫ್ಯಾಕ್ಟರಿಯವರು ನನ್ನನ್ನು ಕೆಲಸದಿಂದ ತೆಗೆದರು. ನಾನು ತಳ್ಳಿರಲಿಲ್ಲ. ಮಾತಿಗೆ ಮಾತು ಬೆಳೆದದ್ದು ನಿಜ. ಆದರೆ ಸೂಪರ್‌ವೈಸರು ಹಿಂದೆ ಸರಿಯುವಾಗ ನೆಲದ ಮೇಲಿನ ಆಯಿಲ್ ತುಳಿದು ತಾವೇ ಜಾರಿ ಬಿದ್ದರು. ಅದನ್ನು ಕಂಡವನು ಪಕ್ಕದ ಮೆಷಿನ್ನಿನಲ್ಲಿದ್ದ ಕುಣಿಗಲ್ಲಿನ ಗೆಳೆಯ ಒಬ್ಬನೇ. ಫ್ಯಾಕ್ಟರಿಯವರ ವಿಚಾರಣೆಯಲ್ಲಿ ಅವನು ನನ್ನ ಮುಖ ನೋಡದೆ, “ಇವರೇ ತಳ್ಳಿದ್ದು” ಎಂದುಬಿಟ್ಟ.

ಕಾರ್ಮಿಕರ ನ್ಯಾಯಮಂಡಳಿಗೆ ಹೋದೆ. ನಮ್ಮೂರು ಗುಬ್ಬಿಯಿಂದ ಐದು ವರ್ಷ ಓಡಾಡಿದೆ. ಅಲ್ಲಿಯೂ ಅವನು ಅದನ್ನೇ ಹೇಳಿದ. ಮಂಡಳಿ ಅದನ್ನೇ ನಂಬಿತು.

ತೀರ್ಪು ಬಂದ ಕೆಲವೇ ವಾರಕ್ಕೆ ಅವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಅಷ್ಟರಲ್ಲಿ ಅವನೂ ಆ ಕೆಲಸ ಬಿಟ್ಟಿದ್ದ.

“ಪರ್ಮನೆಂಟ್ ಮಾಡ್ತೀವಿ ಅಂದ್ರು ಕಣಣ್ಣ. ಸುಳ್ಳು ಹೇಳ್‌ಬುಟ್ಟೆ. ಈಗ ಎಲ್ಲಿಗ್ ಬೇಕಾದ್ರೂ ಬಂದು ನಿಜ ಹೇಳ್ತೀನಿ.”

ನನ್ನ ಹೆಂಡತಿ ಕದ ಹಾಕಲು ಹೋದಳು. ನಾನು ತಡೆದೆ. ಸಿಟ್ಟಿಗಿಂತ ಆಸೆ ದೊಡ್ಡದಿತ್ತು.

ಹೈಕೋರ್ಟಿಗೆ ರಿಟ್ ಅರ್ಜಿ ಹಾಕಲು ಹೋದಾಗ ಅಲ್ಲಿನ ವಕೀಲೆ ಮೊದಲೇ ಹೇಳಿದರು: “ರಿಟ್ ಅಂದ್ರೆ ಅಪೀಲಲ್ಲ. ಮಂಡಳಿ ಕಾನೂನು ಮೀರಿದ್ಯಾ, ನಿಮ್ಮ ಮಾತು ಕೇಳದೆ ತೀರ್ಪು ಕೊಟ್ಟಿದ್ಯಾ, ಅಂಥದ್ದನ್ನ ನೋಡ್ತಾರೆ. ಯಾರು ನಿಜ ಹೇಳಿದ್ರು ಅಂತ ಮತ್ತೆ ತೂಗೋದಿಲ್ಲ.” ಆದರೂ ಹಿಂದೆ ಹೇಳಿದ್ದು ಸುಳ್ಳೆಂದು ಅವನಿಂದ ಅಫಿಡವಿಟ್ ಬರೆಸಿ ಅರ್ಜಿಗೆ ಸೇರಿಸಿದರು.

ಬೆಂಗಳೂರಿನಲ್ಲಿ ಕೇಸು ಕೂಗುವ ದಿನ ಅವನು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಬಂದು ಕಾರಿಡಾರಿನ ಬೆಂಚಿನ ಮೇಲೆ ಕಾದ. ಒಳಗೆ ನ್ಯಾಯಮೂರ್ತಿಗಳು ಅವನ ಹೇಳಿಕೆಯನ್ನು ಸಾವಧಾನವಾಗಿಯೇ ಓದಿದರು.

“ಮಂಡಳಿಯಲ್ಲಿ ನಾನೇ ಕೂತಿದ್ದಿದ್ದರೆ ಬೇರೆ ಥರ ಬರೀತಿದ್ದೆನೋ ಏನೋ,” ಎಂದರು. “ಆದರೆ ಅವರ ಮುಂದಿದ್ದ ಸಾಕ್ಷ್ಯಕ್ಕೆ ಅವರ ತೀರ್ಪು ಹೊಂದುತ್ತೆ. ಸಾಕ್ಷಿ ಈಗ ಮನಸ್ಸು ಬದಲಾಯಿಸಿದ ಅಂತ ಇಲ್ಲಿ ಹೊಸದಾಗಿ ವಿಚಾರಣೆ ಮಾಡೋಕಾಗಲ್ಲ.”

ಅರ್ಜಿ ವಜಾ ಆಯಿತು. ಮುಂದಿನ ಕೇಸು ಕೂಗಿದರು. ನಾನು ಕೈ ಮುಗಿದು ಹೊರಬಂದೆ. ಯಾರಿಗೆ ಮುಗಿದೆನೋ ತಿಳಿಯದು.

ಅವನು ಎದ್ದು ನಿಂತ. “ನನ್ನ ಯಾವಾಗ ಕರೀತಾರಣ್ಣ?”

“ಕರಿಯಲ್ಲ ಕಣೋ. ಮುಗೀತು.”

“ಒಂದ್ ಮಾತೂ ಕೇಳ್ಲಿಲ್ವಲ್ಲಣ್ಣ!” ಅವನು ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟ. ಸಮಾಧಾನ ಹೇಳಬೇಕಾದವನು ನಾನಾಗಿಬಿಟ್ಟೆ.

ಈಗ ಗುಬ್ಬಿಯ ಕಲ್ಯಾಣಮಂಟಪವೊಂದರಲ್ಲಿ ವಾಚ್‌ಮನ್ ಆಗಿದ್ದೇನೆ. ಅವನು ಆಗಾಗ ಫೋನ್ ಮಾಡಿ, ಇನ್ನೂ ಮೇಲಿನ ಕೋರ್ಟಿಗೆ ಹೋಗೋಣ, ಅಲ್ಲಾದರೂ ಕೇಳಬಹುದು ಅನ್ನುತ್ತಾನೆ. ಅಲ್ಲಿಯೂ ಇದೇ ಆಗುತ್ತದೆಂದು ವಕೀಲೆ ಹೇಳಿದ್ದನ್ನು ಅವನಿಗೆ ತಿಳಿಸಿಲ್ಲ.

“ನೋಡೋಣ ಬುಡು,” ಎಂದು ಫೋನ್ ಇಡುತ್ತೇನೆ.