ಹೆಡ್‌ಮಾಸ್ಟರನ್ನು ಬೆಟ್ಟ ಮಾಡಿದ ಪಾಠ

ನಾಲ್ಕನೇ ತರಗತಿಗೆ ಭೂರೂಪಗಳ ಪಾಠ ಬಂದಾಗ ನನ್ನ ಹತ್ತಿರ ಇದ್ದ ಬೋಧನಾ ಸಾಮಗ್ರಿ ನನ್ನ ಮುಖ ಒಂದೇ. ಪುಸ್ತಕದಲ್ಲಿ ಚಿತ್ರಗಳಿದ್ದವು. ಆದರೆ ಬೆಟ್ಟ, ನದಿ, ಕಣಿವೆ ಮೂರೂ ಒಂದೇ ಬೂದು ಬಣ್ಣದಲ್ಲಿ ಅಚ್ಚಾಗಿದ್ದರಿಂದ ಯಾವುದರ ಕೆಳಗೆ ಯಾವ ಹೆಸರು ಹಾಕಿದ್ದರೂ ನಡೆಯುತ್ತಿತ್ತು.

ನಾನು ಹಿಂದೂಪುರದ ಮಗ್ಗದ ಮನೆಯವನು. ಕಲ್ಯಾಣದುರ್ಗದಲ್ಲಿ ರೂಮು ಮಾಡಿಕೊಂಡು, ಕುಂದುರ್ಪಿ ಕಡೆಯ, ತೆಲುಗು ಸೀಮೆಗೆ ಸೇರಿದ ಗಡಿಹಳ್ಳಿಯೊಂದರ ಕನ್ನಡ ಶಾಲೆಗೆ ದಿನಾ ಜೀಪಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದೆ. ಕೆಲಸ ತಾತ್ಕಾಲಿಕ. ಬೇಸಿಗೆ ರಜೆ ಮುಗಿದು ಜೂನ್‌ನಲ್ಲಿ ಶಾಲೆ ತೆರೆದಾಗ ನನ್ನನ್ನು ಮತ್ತೆ ಕರೆಯಬೇಕೋ ಬೇಡವೋ ಎಂಬುದು ಹೆಡ್‌ಮಾಸ್ಟರ ಒಂದು ಮಾತಿನ ಮೇಲೆ ನಿಂತಿತ್ತು. ಅಂಥವರನ್ನೇ ನಾನು ಬೆಟ್ಟ ಮಾಡಿದೆ.

ಅವರು ದೊಡ್ಡ ಆಳು. ಊಟವಾದ ಮೇಲೆ ಕುರ್ಚಿಯಲ್ಲಿ ಕೂತರೆ ಕೊನೆಯ ಬೆಲ್ಲಿನವರೆಗೆ ಏಳುವವರಲ್ಲ. ನಾನು ಕೆನ್ನೆ ಉಬ್ಬಿಸಿ, ಕೈ ಹೊಟ್ಟೆಯ ಮೇಲಿಟ್ಟು, ಅರೆಗಣ್ಣು ಬಿಟ್ಟು, "ಏನ್ಲಾ ಅದು ಗಲಾಟೆ? ಅಲ್ಲಿಗೇ ಬತ್ತೀನಿ ನೋಡು!" ಎಂದೆ.

"ಬತ್ತೀನಿ ಅಂದ್ರೂ ಬರದೇ ಇರೋದು ಯಾವ್ದು?"

"ಬೆಟ್ಟ ಸಾರ್!"

ನದಿ ಕಷ್ಟವಾಯಿತು. ಈ ಕಡೆಯ ಮಕ್ಕಳಿಗೆ ನದಿ ಅಂದರೆ ಮರಳು, ಕ್ರಿಕೆಟ್ ಆಡುವ ಜಾಗ. ಬಾಯಲ್ಲಿ ನೀರು ಹರಿಯುವ ಸದ್ದು ಮಾಡಿದರೆ, "ಬೋರ್‌ನಾಗೆ ನೀರು ಬಿತ್ತು!" ಎಂದು ಇಬ್ಬರು ಕಿಟಕಿಗೆ ಓಡಿದರು. ಕೊನೆಗೆ ನಮ್ಮ ಜೀಪ್ ಡ್ರೈವರನ್ನು ಅನುಕರಿಸಿದೆ. "ಜರುಗಮ್ಮಾ, ಇನ್ನೂ ಇಬ್ರು ಹಿಡೀತಾರೆ" ಅನ್ನುತ್ತಾ, ಪ್ರತಿ ಕ್ರಾಸಿನಲ್ಲೂ ಉಪನದಿಗಳನ್ನು ಹತ್ತಿಸಿಕೊಂಡು ಆತ ಕಲ್ಯಾಣದುರ್ಗದ ಸಮುದ್ರ ಸೇರಿದ. ಕಣಿವೆಗೆ ಗುಳಿಬಿದ್ದ ನನ್ನ ಕೆನ್ನೆಯೇ ಸಾಕಾಯಿತು.

ಪ್ರಸ್ಥಭೂಮಿಗೆ ಮಾತ್ರ ಯಾರೂ ಸಿಗಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸಾರ್, ಅದು ಎಲ್ಲೈತೆ? ನೋಡಾಕೆ ಹೋಗಾನ?" ಅಂದಳು.

"ಶಾನೆ ದೂರ ಕಣಮ್ಮ," ಎಂದು ಪುಟ ತಿರುಗಿಸಿದೆ.

ಮುಂದಿನ ವಾರ ಮಂಡಲದ ಶಿಕ್ಷಣಾಧಿಕಾರಿ ತಪಾಸಣೆಗೆ ಬಂದರು. ತೆಲುಗಿನವರು. ಹಿಂದೆ ಕೈಕಟ್ಟಿಕೊಂಡು ಹೆಡ್‌ಮಾಸ್ಟರು. ಅಧಿಕಾರಿ ಅದೇ ಹುಡುಗಿಯನ್ನು ಎಬ್ಬಿಸಿ, ಬೆಟ್ಟ ಅಂದರೇನೆಂದು ಕೇಳಿದರು.

"ಚೆಪ್ಪಮ್ಮಾ, ಬೆಟ್ಟ ಅಂಟೆ ಏಮಿ?"

ಅವಳು ಸೀದಾ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಕೆನ್ನೆ ಉಬ್ಬಿತು. ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಅದನ್ನು ಪ್ರೋತ್ಸಾಹ ಎಂದುಕೊಂಡಳು.

"ಏನ್ಲಾ ಅದು ಗಲಾಟೆ? ಅಲ್ಲಿಗೇ ಬತ್ತೀನಿ ನೋಡು!"

ನನಗಿಂತ ಚೆನ್ನಾಗಿ ಮಾಡಿದಳು. ಮಧ್ಯೆ ಅವರ ಒಂದು ಕೆಮ್ಮನ್ನೂ ಸೇರಿಸಿದ್ದಳು. ಅದು ನನಗೆ ಹೊಳೆದೇ ಇರಲಿಲ್ಲ. "ಮಾ ಹೆಡ್‌ಮಾಸ್ಟರು ಸಾರ್," ಎಂದು ಹಿಂದಿನ ಸಾಲಿನವನೊಬ್ಬ ಅಧಿಕಾರಿಗೆ ತೆಲುಗಿನಲ್ಲಿ ಅರ್ಥ ಬಿಡಿಸಿದ. ಅಧಿಕಾರಿ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ಹೆಡ್‌ಮಾಸ್ಟರು ನಗಲಿಲ್ಲ. ಪಾಠಕ್ಕೆ ನಿಷ್ಠರಾಗಿ, ಅಲುಗಲೂ ಇಲ್ಲ. ನಾನು ಮನಸ್ಸಿನಲ್ಲೇ ರೂಮು ಖಾಲಿ ಮಾಡಿ, ಹಿಂದೂಪುರದ ಬಸ್ಸು ಹತ್ತಿ, ಅಪ್ಪನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟೆ.

ಸಂಜೆ ಹೆಡ್‌ಮಾಸ್ಟರ ಕೋಣೆಯಿಂದ ಕರೆ ಬಂತು.

"ಬೆಟ್ಟ ಅಂದ್ರೆ ತುದಿ ಇರಬೇಕಲ್ಲಪ್ಪಾ?"

"ಹೌದು ಸಾರ್."

ಅವರು ತಮ್ಮ ಬೋಳುತಲೆಯನ್ನು ಸವರಿಕೊಂಡರು. "ಇಲ್ಲಿ ಎಲ್ಲೈತೆ ತುದಿ? ಮೇಲೆ ಚಪ್ಪಟೆ, ಪಕ್ಕದಾಗೆ ಇಳಿಜಾರು. ಇದನ್ನ ಏನಂತಾರೆ?"

"ಪ್ರಸ್ಥಭೂಮಿ ಸಾರ್."

"ಅದು ಶಾನೆ ದೂರ ಐತೆ ಅಂದ್ಯಂತೆ. ನಿಮ್ಮ ಹಿಂದೂಪುರ ಏನು? ಈ ಕಲ್ಯಾಣದುರ್ಗ ಏನು? ಈಗ ನೀನು ಯಾವ್ದರ ಮ್ಯಾಗೆ ನಿಂತಿದೀಯ?"

ಕಾಲ ಕೆಳಗೆ ನೋಡಿಕೊಂಡೆ. ಸಿಮೆಂಟು ನೆಲ.

"ಆಡ್ಕೊಂಡಿದ್ದಕ್ಕೆ ಬೇಜಾರಿಲ್ಲ. ಮಕ್ಕಳಿಗೆ ತಪ್ಪು ಹೇಳ್ಬುಟ್ಟೆ ಕಣ್ಲಾ."

ಮರುದಿನ ಊಟವಾದ ಮೇಲೆ ಅವರು ಕುರ್ಚಿಯಿಂದ ಎದ್ದರು. ನಮ್ಮ ತರಗತಿಗೇ ಬಂದರು. ಅವರು ತಲೆ ಬಗ್ಗಿಸಿ ಪ್ರಸ್ಥಭೂಮಿಯನ್ನು ಎಲ್ಲರಿಗೂ ತೋರಿಸಿ, ಆಮೇಲೆ ನೆಲವನ್ನು ಕಾಲಲ್ಲಿ ಒಮ್ಮೆ ಕುಟ್ಟಿ, "ಇದೂ ಅದೇ," ಎಂದರು.

"ಹಂಗಾದ್ರೆ ಬೆಟ್ಟ ಯಾರು ಸಾರ್?" ಅಂದಳು ಹುಡುಗಿ.

ಹೆಡ್‌ಮಾಸ್ಟರು ನನ್ನ ಬ್ಯಾಗು ಹೆಗಲಿಗೇರಿಸಿ ಹೊರಗೆ ಹೋಗಿ, ಕತ್ತು ಮುಂದೆ ಚಾಚಿ, ಬಾಗಿಲಿನಿಂದ ಮತ್ತೆ ಒಳಗೆ ಬಂದರು. "ಸಾರಿ ಸಾರ್, ಜೀಪು ಸಿಗ್ಲಿಲ್ಲ ಸಾರ್!" ದನಿ ನನ್ನದೇ. ನನ್ನ ಕತ್ತು ಅಷ್ಟು ಮುಂದೆ ಹೋಗುತ್ತದೆಂದು ಅವತ್ತೇ ತಿಳಿದದ್ದು.

"ಮೇಲೆ ಚೂಪು, ಮೈಮ್ಯಾಲೆ ಏನೂ ಬೆಳ್ದಿಲ್ಲ. ಇದೇ ಬೆಟ್ಟ," ಎಂದರು. "ಜೂನ್‌ನಾಗೂ ಇಲ್ಲೇ ಇರ್ತದೆ, ನೋಡ್ಕೊಳ್ಳಿ."

ಮಕ್ಕಳು ಬೆಂಚು ಬಡಿದು ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕೆ. ಜೂನ್ ಅಂದರಾ ಎಂದು ಪಕ್ಕದ ಬೆಂಚಿನವನನ್ನು ಕೇಳಿ ಖಚಿತ ಮಾಡಿಕೊಳ್ಳಬೇಕಿತ್ತು.