ಬೇಲಿ ಸಂದಿನ ಕೂದಲು

ತಲೆ ಬಾಚಿದಾಗ ಉದುರಿದ ಕೂದಲನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಗೋಡೆಯ ಸಂದಿಗೆ ತುರುಕುವುದು ಧಾರವಾಡದ ನಮ್ಮ ಮನೆಯ ಹೆಂಗಸರ ರೂಢಿ. ಆಗೊಮ್ಮೆ ಈಗೊಮ್ಮೆ ಕೂದಲು ಕೊಳ್ಳುವವಳು ಬಂದು, ಅದನ್ನೆಲ್ಲ ಒಯ್ದು, ಬದಲಿಗೆ ಪಿನ್ನು ಸೂಜಿ ಕೊಟ್ಟು ಹೋಗುತ್ತಿದ್ದಳು. ಲಂಡನ್ನಿನ ಹೇಸ್ ಬಡಾವಣೆಗೆ ಅವಳು ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ನಿಂತು ಬಾಚಿಕೊಂಡು, ಕೂದಲನ್ನೆಲ್ಲ ಮರದ ಬೇಲಿಯ ಸಂದಿಗೆ ತುರುಕುತ್ತಿದ್ದೆ. ಇಲ್ಲಿಯ ಗಡಸು ನೀರಿಗೆ ಉದುರುವ ಕೂದಲಂತೂ ಹೇಳತೀರದು.

ಬೇಲಿಯಾಚೆ ಒಬ್ಬ ಇಂಗ್ಲಿಷ್ ಅಜ್ಜ ಒಬ್ಬರೇ ಇದ್ದರು. ಅವರ ಶೆಡ್ಡಿನ ಗೋಡೆಗೆ, ಪುಟ್ಟ ತೂತಿದ್ದ ಮರದ ಪೆಟ್ಟಿಗೆಯೊಂದನ್ನು ಹಕ್ಕಿಗಳಿಗೆಂದೇ ಮೊಳೆ ಹೊಡೆದು ಕೂರಿಸಿದ್ದರು. ಆ ವಸಂತದಲ್ಲಿ ಒಂದು ಬ್ಲೂ ಟಿಟ್ ಜೋಡಿ ಅದರೊಳಗೆ ಸೇರಿಕೊಂಡಿತು. ಗುಬ್ಬಿಗಿಂತ ಚಿಕ್ಕ ಹಕ್ಕಿ, ನೀಲಿ ತಲೆ, ಹಳದಿ ಹೊಟ್ಟೆ. ಎಂಟು ವರ್ಷದ ನನ್ನ ಮಗಳಿಗೆ ಅದರದೇ ಹುಚ್ಚು ಹಿಡಿಯಿತು. ಹೆಣ್ಣುಹಕ್ಕಿ ಮೊದಲು ಪಾಚಿ ತಂದು ತಳಕ್ಕೆ ಹಾಸುತ್ತದೆ, ಆಮೇಲೆ ಮೊಟ್ಟೆ ಇಡುವ ಜಾಗ ಬೆಚ್ಚಗೆ, ಮೆತ್ತಗೆ ಇರಲೆಂದು ತುಪ್ಪಳ, ಗರಿ, ಕೂದಲು ಹುಡುಕುತ್ತದೆ ಎಂದು ಅಜ್ಜ ಹೇಳಿಕೊಟ್ಟರು. ಕೇಳಿದ್ದೇ ತಡ, ಇವಳು ಶಾಲೆಯ ಹಳೆಯ ಕಡುನೀಲಿ ಸ್ವೆಟರಿನ ಹೆಣಿಗೆ ಬಿಚ್ಚಿ, ಉಣ್ಣೆಯ ನೂಲಿನ ತುಂಡುಗಳನ್ನು ಗುಲಾಬಿ ಗಿಡಕ್ಕೆ ಸಿಕ್ಕಿಸಿದಳು.

ಹಕ್ಕಿ ನನ್ನ ಕೂದಲನ್ನೂ ಬೇಲಿಯಿಂದ ಎಳೆದೊಯ್ಯುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದ್ದೆ. ಅಂತೂ ಈ ದೇಶದಲ್ಲೂ ನನ್ನ ಕೂದಲಿಗೊಂದು ಗಿರಾಕಿ ಸಿಕ್ಕಿತು ಎಂದು ಗಂಡನ ಮುಂದೆ ಹಲ್ಲುಕಿರಿದಿದ್ದೆ.

ಮೇ ತಿಂಗಳ ಕೊನೆಗೆ ಪೆಟ್ಟಿಗೆಯೊಳಗಿನ ಚಿಲಿಪಿಲಿ ನಿಂತಿತು. ಎರಡು ದಿನ ದೊಡ್ಡ ಹಕ್ಕಿಗಳೂ ಸುಳಿಯಲಿಲ್ಲ. ಅಜ್ಜ ನಮ್ಮಿಬ್ಬರನ್ನೂ ಕರೆದು, ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದರು. ಐದು ಮರಿಗಳು. ರೆಕ್ಕೆ ಬಲಿತಿದ್ದವು, ಇನ್ನೇನು ಹಾರಬೇಕಿತ್ತು. ಒಂದರ ಕಾಲಿಗೆ ಇನ್ನೊಂದರ ಕಾಲು ಸಿಕ್ಕಿಕೊಂಡು ಐದೂ ಸತ್ತು ಬಿದ್ದಿದ್ದವು.

"ಏನೋ ದಾರ ಸುತ್ತಿಕೊಂಡಿದೆ," ಎಂದರು ಅಜ್ಜ. ಕನ್ನಡಕ ಮನೆಯೊಳಗೇ ಬಿಟ್ಟು ಬಂದಿದ್ದರು.

"ನನ್ನ ವುಲ್ಲಾ?" ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ಇರಬಹುದು ಮಗೂ. ಉದ್ದನೆಯ ಎಳೆ ಇಡಬಾರದು. ಪಾಪ, ನಿನಗೆ ಹೇಗೆ ಗೊತ್ತಾಗಬೇಕು?"

ನಾನು ಬಗ್ಗಿ ನೋಡಿದೆ. ಅವಳ ನೂಲು ಗೂಡಿನ ಅಂಚಿನಲ್ಲಿ ತನ್ನ ಪಾಡಿಗೆ ತಾನಿತ್ತು. ಕಾಲುಗಳನ್ನು ಬಿಗಿದಿದ್ದು ಕೂದಲು. ಮೊಳದುದ್ದದ್ದು, ತುದಿಯಲ್ಲಿ ಗೋರಂಟಿಯ ಕೆಂಪು. ಆ ಬೀದಿಯಲ್ಲಿ ತಲೆಗೆ ಗೋರಂಟಿ ಹಚ್ಚುತ್ತಿದ್ದವಳು ನಾನೊಬ್ಬಳೇ.

ಬಾಯಿ ಬಿಡಲಿಲ್ಲ. ಈ ಇಂಡಿಯಾದ ಜನ ತಲೆಗೂದಲನ್ನೂ ಎಲ್ಲೆಂದರಲ್ಲಿ ತುರುಕುತ್ತಾರೆ ಎಂದು ಅಜ್ಜ ಅಂದುಕೊಂಡಾರು ಎಂಬ ಪುಟಗೋಸಿ ಮರ್ಯಾದೆ ಅಡ್ಡ ಬಂತು. ಮನೆಗೆ ಹೋದಮೇಲೆ ಮಗಳಿಗೆ ಹೇಳಿದರಾಯಿತು ಎಂದುಕೊಂಡೆ. ಮನೆಯಲ್ಲಿ ಅವಳು ದಿಂಬಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. "ಹೋಗ್ಲಿ ಬಿಡವಾ, ಇದು ಯಾರ ತಪ್ಪೂ ಅಲ್ಲ," ಎಂದೆ. ಅಷ್ಟೇ ಎಂದೆ. ಈಗ ನೆನೆದರೂ ನಾಚಿಕೆಯಾಗುತ್ತದೆ. ಮರುದಿನ ಅವಳು ಶಾಲೆಗೆ ಹೋದದ್ದೇ, ಬೇಲಿಯ ಸಂದಿಗಳಲ್ಲಿ ಉಳಿದಿದ್ದ ಉಂಡೆಗಳನ್ನೆಲ್ಲ ಕಳ್ಳಿಯ ಹಾಗೆ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿನ್ನಿಗೆ ಹಾಕಿದೆ.

ಆಮೇಲೆ ಮಗಳು ಹಿತ್ತಲಿಗೆ ಹೋಗುವುದನ್ನೇ ಬಿಟ್ಟಳು. ಅಜ್ಜ ಬೇಲಿಯ ಮೇಲಿಂದ ಕೂಗಿ ಕರೆದರೂ ಹೋಗಲಿಲ್ಲ. ಹೇಳಬೇಕು ಎಂದು ದಿನವೂ ಏಳುತ್ತಿದ್ದೆ. ಒಂದು ದಿನ ತಡವಾದದ್ದಕ್ಕೆ ಮರುದಿನ ಹೇಳುವುದು ಇನ್ನೂ ಕಷ್ಟವಾಗುತ್ತಿತ್ತು.

ಬೇಸಿಗೆ ರಜೆಗೆ ಮುಂಚೆ ಶಾಲೆಯಲ್ಲಿ ತಂದೆತಾಯಿಯರನ್ನು ಕರೆದಿದ್ದರು. ಟೀಚರ್ ಅವಳ ನೋಟ್‌ಬುಕ್ ತೆರೆದು ನನ್ನ ಮುಂದಿಟ್ಟರು. ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ನಾನು ಐದು ಮರಿಗಳನ್ನು ಕೊಂದೆ. ಅಮ್ಮ ಯಾರ ತಪ್ಪೂ ಅಲ್ಲ ಅಂತಾಳೆ. ಅಮ್ಮ ಒಳ್ಳೆಯವಳು, ಅದಕ್ಕೇ ಹಾಗೆ ಹೇಳುತ್ತಾಳೆ.

"ಇಷ್ಟು ಪ್ರಾಮಾಣಿಕವಾದ ಮಗುವನ್ನು ನಾನು ನೋಡಿಲ್ಲ," ಎಂದರು ಟೀಚರ್. "ತುಂಬಾ ಚೆನ್ನಾಗಿ ಬೆಳೆಸಿದ್ದೀರಿ."

ಮಗಳು ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಾನು "ಥ್ಯಾಂಕ್ ಯೂ" ಎಂದೆ.